ಸಾಹಿತ್ಯ ಅಂದರೆ ಏನು, ಅದು ಯಾಕೆ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆಗೆ ಓದುವ ಹುಡುಗರು, ಕೆಲಸಕ್ಕೆ ಸೇರಿದ ಮೇಲೆ ಓದು ಬಿಟ್ಟು ಈಗ ಮತ್ತೆ ಪುಸ್ತಕ ಹಿಡಿದವರು, ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿಗೆ ಸುಲಭದವು, ಕೊನೆಗೆ ಸ್ವಲ್ಪ ತಲೆ ಕೆರೆಯುವಂಥವು. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲ ಮೆಟ್ಟಿಲು

ಬರೆದದ್ದೆಲ್ಲ ಸಾಹಿತ್ಯ ಆಗತ್ತಾ? ಹಾಗಾದ್ರೆ ಕರೆಂಟ್ ಬಿಲ್ಲೂ ಸಾಹಿತ್ಯಾನೇ ಅಲ್ವಾ?

ಅಲ್ಲ. ಬಿಲ್ಲಿನಲ್ಲಿ ನಮಗೆ ಬೇಕಾದದ್ದು ಮೊತ್ತ ಮತ್ತು ಕೊನೆಯ ದಿನಾಂಕ. ಅದನ್ನು ಯಾರು ಯಾವ ಮಾತಿನಲ್ಲಿ ಹೇಳಿದರೂ ಕೆಲಸ ಆಗುತ್ತದೆ. ಸಾಹಿತ್ಯದಲ್ಲಿ ಹಾಗಲ್ಲ. ಹೇಳಿದ ರೀತಿಯನ್ನು ತೆಗೆದರೆ ಹೇಳಿದ ವಿಷಯವೂ ಅರ್ಧ ಹೋಗುತ್ತದೆ.

ಎರಡು ಕಲ್ಲುಗಳನ್ನು ನೋಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು 450ರದ್ದು ಎನ್ನುತ್ತಾರೆ. ಹೋರಾಡಿದ ವೀರನಿಗೆ ಊರುಗಳನ್ನು ಬಿಟ್ಟುಕೊಟ್ಟ ದಾಖಲೆ ಅದು. ಕನ್ನಡದ ಚರಿತ್ರೆಗೆ ಅದರ ಬೆಲೆ ಬಹಳ ದೊಡ್ಡದು, ಆದರೆ ಅದರ ಕೆಲಸ ದಾಖಲಿಸುವುದು. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರದ್ದು. ಅದರಲ್ಲಿ ಈ ಸಾಲುಗಳಿವೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

'ಇವನು ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೆಟ್ಟವನು' ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಒಮ್ಮೆ ಗಟ್ಟಿಯಾಗಿ ಓದಿ. ಸಾಧು, ಬಾಧಿ, ಮಾಧ: ಮೂರು ಸಾಲಿನಲ್ಲೂ ಎರಡನೆಯ ಅಕ್ಷರ ಒಂದೇ ಕಡೆ ಬಡಿಯುತ್ತದೆ. ಆ ಬಡಿತದಿಂದಲೇ ಹೊಗಳಿಕೆ ನೆನಪಿನಲ್ಲಿ ಉಳಿಯುತ್ತದೆ. ಇದು ಸಾಹಿತ್ಯ.

ನಮ್ಮಜ್ಜಿಗೆ ಓದೋಕೆ ಬರ್ತಿರ್ಲಿಲ್ಲ. ಆದ್ರೆ ಬೀಸುವಾಗ ಗಂಟೆಗಟ್ಟಲೆ ಹಾಡ್ತಿದ್ರು. ಅದೂ ಸಾಹಿತ್ಯಾನಾ?

ಖಂಡಿತ. ಬರವಣಿಗೆ ಸಾಹಿತ್ಯವನ್ನು ಕಾಪಾಡುವ ಒಂದು ದಾರಿ, ಅಷ್ಟೆ. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು, ಮಲೆಮಹದೇಶ್ವರ ಕಾವ್ಯವನ್ನು ಕಂಸಾಳೆಯವರು ಅನ್ನುವ ಹಾಡುಗಾರರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಪುಸ್ತಕವಾಗಿ ಅಚ್ಚಾದದ್ದು ತೀರಾ ಇತ್ತೀಚೆಗೆ.

ಈ ಮಾತು ಹೊಸದೂ ಅಲ್ಲ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ 'ಕವಿರಾಜಮಾರ್ಗ', ಸುಮಾರು 850ರದ್ದು. ಕನ್ನಡ ನಾಡಿನ ಜನ 'ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್', ಅಂದರೆ ಕೂತು ಓದದೆ ಇದ್ದರೂ ಕಾವ್ಯ ಕಟ್ಟುವುದರಲ್ಲಿ ಪಳಗಿದವರು ಅಂತ ಅಲ್ಲೇ ಹೇಳಿದೆ. ಬಾದಾಮಿಯ ಆ ಮೂರು ಸಾಲು ತ್ರಿಪದಿ. ಬೀಸುಕಲ್ಲಿನ ಹಾಡುಗಳಲ್ಲಿ ಬಹುಪಾಲು ಕೂಡ ತ್ರಿಪದಿಯೇ. ರಾಜರ ಕಾಲದ ಬಂಡೆ ಮತ್ತು ನಿಮ್ಮಜ್ಜಿಯ ಬಾಯಿ ಎರಡೂ ಒಂದೇ ಅಚ್ಚನ್ನು ಬಳಸಿವೆ.

ಕವಿತೆ, ಕತೆ, ಕಾದಂಬರಿ, ನಾಟಕ, ಪ್ರಬಂಧ... ಇಷ್ಟೊಂದು ಪ್ರಕಾರ ಯಾಕೆ?

ಹೇಳಬೇಕಾದದ್ದು ಬೇರೆಬೇರೆ ಆದ್ದರಿಂದ. ಒಂದು ಕ್ಷಣದ ಅನುಭವಕ್ಕೆ ಕವಿತೆ ಸಾಕು. ಮೂರು ತಲೆಮಾರಿನ ಬದುಕಿಗೆ ಕಾದಂಬರಿ ಬೇಕು. ಎದುರಾಬದುರು ನಿಂತ ಇಬ್ಬರ ಜಗಳಕ್ಕೆ ನಾಟಕ ಒಗ್ಗುತ್ತದೆ. ಗಡಿಗಳು ಗಟ್ಟಿಯಲ್ಲ. ನಮ್ಮ ಹಳೆಯ ಚಂಪೂ ಕಾವ್ಯಗಳಲ್ಲಿ ಪದ್ಯ, ಗದ್ಯ ಎರಡೂ ಬೆರೆತಿವೆ. ಪಟ್ಟಿ ಬಾಯಿಪಾಠ ಮಾಡುವುದು ಪರೀಕ್ಷೆಗೆ ಸರಿ, ಓದಿಗೆ ಅದರಿಂದ ಜಾಸ್ತಿ ಉಪಯೋಗ ಇಲ್ಲ.

## ಒಳಗೆ ಏನೇನಿದೆ

ಕತೆ ಬೇರೆ, ಕಥಾನಕ ಬೇರೆ, ವಸ್ತು ಬೇರೆ ಅಂತಾರೆ. ನನಗೆ ಮೂರೂ ಒಂದೇ ಥರ ಕಾಣತ್ತೆ.

ನಡೆದದ್ದು ಕತೆ. ಅದನ್ನು ಯಾವ ಕ್ರಮದಲ್ಲಿ ಹೇಳಿದರು ಅನ್ನುವುದು ಕಥಾನಕ. ಅದೆಲ್ಲ ಯಾವುದರ ಬಗ್ಗೆ ಅನ್ನುವುದು ವಸ್ತು.

ರನ್ನನ 'ಗದಾಯುದ್ಧ' ಇದಕ್ಕೆ ಒಳ್ಳೆಯ ಉದಾಹರಣೆ. ಮಹಾಭಾರತದ ಕತೆ ಕೇಳುವವರಿಗೆಲ್ಲ ಮೊದಲೇ ಗೊತ್ತು. ರನ್ನ ಅದನ್ನು ಹುಟ್ಟಿನಿಂದ ಶುರು ಮಾಡಲಿಲ್ಲ. ಯುದ್ಧದ ಕೊನೆಯ ಹಂತವನ್ನೇ ಹಿಡಿದುಕೊಂಡು, ಸಿಂಹ ತಿರುಗಿ ನೋಡಿದ ಹಾಗೆ ಹಿಂದಿನದನ್ನೆಲ್ಲ ಅಲ್ಲಿಂದ ತೋರಿಸಿದ. ಅದಕ್ಕೆ ಸಿಂಹಾವಲೋಕನ ಕ್ರಮ ಅಂತ ಹೆಸರು. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಎಲ್ಲರೂ ಅಲ್ಲೇ ಬಿದ್ದಿದ್ದಾರೆ. ಒಂದೊಂದು ಹೆಣದ ಮುಂದೆ ನಿಂತಾಗಲೂ ಹಳೆಯ ಕತೆಯ ಒಂದೊಂದು ತುಣುಕು ಎದ್ದು ಬರುತ್ತದೆ. ಇದೇ ಘಟನೆಗಳನ್ನು ಹುಟ್ಟಿನಿಂದ ಸಾವಿನವರೆಗೆ ನೇರವಾಗಿ ಹೇಳಿದ್ದರೆ ದುರ್ಯೋಧನ ಬರೀ ಖಳನಾಯಕನಾಗಿ ಉಳಿಯುತ್ತಿದ್ದ. ಕ್ರಮ ಬದಲಾಯಿಸಿದ್ದಕ್ಕೆ ಅವನ ನಷ್ಟ ನಮ್ಮ ಕಣ್ಣಿಗೆ ಬೀಳುತ್ತದೆ. ಕತೆ ಹಳೆಯದು, ಕಥಾನಕ ರನ್ನನದು. ಛಲ ಒಬ್ಬ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅನ್ನುವುದು ವಸ್ತು.

ಪಾತ್ರ ಒಳ್ಳೆಯದೋ ಕೆಟ್ಟದ್ದೋ ಅಂತ ಲೇಖಕರು ಸ್ಪಷ್ಟವಾಗಿ ಹೇಳಬೇಕಲ್ವಾ?

ಹೇಳಬೇಕಿಲ್ಲ. ಹೇಳದೆ ಇದ್ದಾಗಲೇ ಪಾತ್ರಕ್ಕೆ ಜೀವ ಬರುವುದು ಜಾಸ್ತಿ. ಪಾತ್ರವನ್ನು ಅದರ ಮಾತು, ನಡತೆ, ಬೇರೆಯವರು ಅದರ ಬಗ್ಗೆ ಆಡುವ ಮಾತು, ಅದು ಬಾಯಿಬಿಡದೆ ನುಂಗಿಕೊಂಡದ್ದು ಇವುಗಳಿಂದ ಕಟ್ಟುತ್ತಾರೆ.

ಕೆಲವು ಸಲ ಪಾತ್ರ ಕವಿಯ ಲೆಕ್ಕಾಚಾರವನ್ನೂ ಮೀರಿ ಬೆಳೆಯುತ್ತದೆ. ಪಂಪ 941ರ ಸುಮಾರಿಗೆ ಭಾರತವನ್ನು ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನ ಜೊತೆ ಒಂದು ಮಾಡಿದ. ಹಾಗಾಗಿ ಕಾವ್ಯದ ನಾಯಕ ಅರ್ಜುನ. ಆದರೂ ಕರ್ಣ ಸತ್ತಾಗ ಅದೇ ಪಂಪ 'ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ' ಅಂದುಬಿಟ್ಟ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಅಂತ. ಒಡೆಯನ ಎದುರಿಗೇ ಒಡೆಯನ ಎದುರಾಳಿಯನ್ನು ಇಷ್ಟು ಹೊಗಳುವುದಕ್ಕೆ ಗುಂಡಿಗೆ ಬೇಕು.

ಕತೇಲಿ 'ನಾನು' ಅಂತ ಇದ್ರೆ ಅದು ಲೇಖಕರೇ ತಾನೆ?

ಅಲ್ಲ. 'ನಾನು' ಅನ್ನುವವನೂ ಲೇಖಕರು ಕಟ್ಟಿದ ಒಂದು ಪಾತ್ರ. ಅವನು ತಪ್ಪು ತಿಳಿದುಕೊಂಡಿರಬಹುದು, ಮುಚ್ಚಿಡಬಹುದು, ತನಗೇ ಸುಳ್ಳು ಹೇಳಿಕೊಳ್ಳಬಹುದು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಅನ್ನು ಹೆಸರೇ ಇಲ್ಲದ ಒಬ್ಬ ನಿರೂಪಕ ಹೇಳುತ್ತಾನೆ. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯವರ ಬಗ್ಗೆ ಸಲೀಸಾಗಿ ಮಾತಾಡುತ್ತಾ ಹೋಗುತ್ತಾನೆ. ಎಷ್ಟು ಸಲೀಸು ಅಂದರೆ, ಅವನು ಹೇಳದೆ ಬಿಟ್ಟದ್ದೇನು ಅಂತ ನಮಗೆ ನಿಧಾನಕ್ಕೆ ಭಯ ಶುರುವಾಗುತ್ತದೆ. ಲೇಖಕರನ್ನೂ ನಿರೂಪಕನನ್ನೂ ಒಂದೇ ಮಾಡಿದರೆ ಆ ಭಯ ಹುಟ್ಟುವುದೇ ಇಲ್ಲ.

ಕವಿತೆಗೂ ಇದೇ ಮಾತು. ವಿರಹದ ಕವಿತೆ ಬರೆದವರ ಮನೆಯಲ್ಲಿ ಜಗಳ ಆಗಿದೆ ಅಂತ ಊಹಿಸುವವರು ದಯವಿಟ್ಟು ಸ್ವಲ್ಪ ತಾಳ್ಮೆ ತಂದುಕೊಳ್ಳಿ.

ಕಾಡು, ಮಳೆ, ಊರು ಅಂತ ವರ್ಣನೆ ಬಂದ್ರೆ ನಾನು ಪುಟ ತಿರುಗಿಸ್ತೀನಿ. ತಪ್ಪಾ?

ತಪ್ಪೇನಿಲ್ಲ, ಕೆಲವು ವರ್ಣನೆಗಳಿಗೆ ಅದೇ ಸರಿ. ಹಿಂದೆ ಮಹಾಕಾವ್ಯ ಅಂದರೆ ಸಮುದ್ರ, ಬೆಟ್ಟ, ಋತು, ಚಂದ್ರೋದಯ, ಜಲಕ್ರೀಡೆ ಅಂತ ಹದಿನೆಂಟು ವರ್ಣನೆ ಇರಬೇಕು ಅನ್ನುವ ನಿಯಮವೇ ಇತ್ತು. ನಿಯಮಕ್ಕೆ ಬರೆದದ್ದು ಯಾವುದು, ಕಂಡು ಬರೆದದ್ದು ಯಾವುದು ಅಂತ ಓದುವವರಿಗೆ ಗೊತ್ತಾಗುತ್ತದೆ.

ಆದರೆ ಕೆಲವು ಕೃತಿಗಳಲ್ಲಿ ಜಾಗವೇ ಕತೆ ನಡೆಸುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದುವಾಗ ಮಳೆ, ಕೆಸರು, ಕಾಡುದಾರಿ ಬಿಟ್ಟು ಓದಿದರೆ ಘಟನೆಗಳೇ ಅರ್ಥವಾಗುವುದಿಲ್ಲ. ಯಾರು ಯಾವಾಗ ಎಲ್ಲಿಗೆ ಹೋಗಬಹುದು ಅನ್ನುವುದನ್ನು ಅಲ್ಲಿ ಮಲೆನಾಡೇ ತೀರ್ಮಾನಿಸುತ್ತದೆ. ಗುತ್ತಿ ಅನ್ನುವ ಪಾತ್ರದ ನಾಯಿ ಹುಲಿಯನಿಗೂ ಅಲ್ಲಿ ಮನುಷ್ಯರಷ್ಟೇ ಜಾಗ ಇದೆ.

ಮಾತ್ರೆ, ಗಣ, ಪ್ರಾಸ ಏನೂ ಗೊತ್ತಿಲ್ಲ. ಹಳೆ ಕಾವ್ಯ ನನ್ನಂಥವರಿಗೆ ಅಲ್ಲ ಬಿಡಿ.

ಹಾಗೆ ಬಿಡಬೇಡಿ. ಹತ್ತು ನಿಮಿಷದ ಪಾಠ ಇದು. ಒಂದು ಅಕ್ಷರ ಹೇಳುವುದಕ್ಕೆ ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಶುರು ಮಾಡುವುದಕ್ಕೆ ಇಷ್ಟು ಸಾಕು.

ಈಗ ಕುಮಾರವ್ಯಾಸನ ಭಾರತದ ಮೊದಲ ಪದ್ಯದ ಅರ್ಧ ಭಾಗ ನೋಡಿ:

ಶ್ರೀವ | ನಿತೆಯರ | ಸನೆ ವಿ | ಮಲ ರಾ
ಜೀವ | ಪೀಠನ | ಪಿತನೆ | ಜಗಕತಿ
ಪಾವ | ನನೆ ಸನ | ಕಾದಿ | ಸಜ್ಜನ | ನಿಕರ | ದಾತಾ | ರ

ಎಣಿಸಿ. ಗೆರೆಗಳ ನಡುವಿನ ಒಂದೊಂದು ಗುಂಪು ಒಂದು ಗಣ. ಮೂರು, ನಾಲ್ಕು, ಮೂರು, ನಾಲ್ಕು. ಮೊದಲ ಎರಡು ಸಾಲಿನಲ್ಲಿ ಹದಿನಾಲ್ಕು ಮಾತ್ರೆ. ಮೂರನೆಯ ಸಾಲು ಉದ್ದ, ಕೊನೆಯ ಅಕ್ಷರವನ್ನು ಎಳೆದು ಹೇಳುವುದರಿಂದ ಇಪ್ಪತ್ತಮೂರು. ಇದೇ ಅಳತೆ ಇನ್ನೊಮ್ಮೆ ಬಂದರೆ ಆರು ಸಾಲಿನ ಒಂದು ಭಾಮಿನಿ ಷಟ್ಪದಿ ಆಯಿತು. ಇಡೀ ಕಾವ್ಯ ಇದೇ ನಡಿಗೆಯಲ್ಲಿದೆ. ಇನ್ನೊಂದು ಮಜಾ ಗಮನಿಸಿ. 'ರಾಜೀವ' ಅನ್ನುವ ಪದ ಒಂದು ಸಾಲಿನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಅರ್ಥ ಸಾಲಿನ ಕೊನೆಯಲ್ಲಿ ನಿಲ್ಲುವುದಿಲ್ಲ, ಹರಿದುಕೊಂಡು ಹೋಗುತ್ತದೆ. ಯುದ್ಧದ ಪದ್ಯಗಳಲ್ಲಿ ಉಸಿರು ಬಿಡುವುದಕ್ಕೂ ಸಮಯ ಸಿಗದಂಥ ಓಟ ಬರುವುದು ಇದರಿಂದಲೇ.

ಕಣ್ಣಿನಲ್ಲಿ ಓದಿದರೆ ಇದು ಅರ್ಧ ಮಾತ್ರ ಸಿಗುತ್ತದೆ. ಯಾರಾದರೂ ಗಮಕಿಗಳು, ಅಂದರೆ ಕಾವ್ಯವನ್ನು ರಾಗ ಹಾಕಿ ಓದುವವರು, ಹಾಡಿದ್ದನ್ನು ಒಮ್ಮೆ ಕೇಳಿ, ಆಮೇಲೆ ಪುಸ್ತಕ ತೆರೆಯಿರಿ.

ಹಾಗಾದ್ರೆ ಲೆಕ್ಕಾನೇ ಇಲ್ಲದ ವಚನ ಹೇಗೆ ಕವಿತೆ ಆಗತ್ತೆ? ಸುಮ್ನೆ ಮಾತಿನ ಥರಾನೇ ಇದ್ಯಲ್ಲ.

ಮಾತಿನ ಥರಾನೇ ಇದೆ, ಹೌದು. ಆ ಮಾತಿನೊಳಗೆ ಏನು ಕಟ್ಟಿದ್ದಾರೆ ಅಂತ ನೋಡಬೇಕು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ವಚನ ಇದು. ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದದ್ದಕ್ಕಿಂತ ಜಾಸ್ತಿ ತಂದ. ಆಗ ಅವಳು ಹೇಳಿದ್ದು:

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ಮೊದಲ ಎರಡು ಸಾಲು ಒಂದೇ ಅಚ್ಚಿನಲ್ಲಿವೆ, ಎರಡೂ ಪ್ರಶ್ನೆ. ಆಸೆ, ರೋಷ, ಈಸು: ಮೂರು ಸಾಲು ಒಂದೇ ಬಗೆಯ ಸದ್ದಿನಿಂದ ಶುರುವಾಗುತ್ತವೆ. ದೊಡ್ಡ ತತ್ವದಿಂದ ಹೊರಟ ಮಾತು ಮೂರನೆಯ ಸಾಲಿಗೆ ಧಡಕ್ಕನೆ ಅಕ್ಕಿಗೆ ಬಂದು ನಿಲ್ಲುತ್ತದೆ. ಇಷ್ಟು ಹೊತ್ತು ಇದ್ದ 'ಅಯ್ಯಾ' ಹೋಗಿ ಕೊನೆಯಲ್ಲಿ ನೇರವಾಗಿ 'ಮಾರಯ್ಯಾ' ಅಂತ ಹೆಸರೇ ಬರುತ್ತದೆ. ಅವನ ಹೆಸರು ಅವಳ ಅಂಕಿತದ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರಿನ, ಒಳಗೂ ಇದೆ. ಗಂಡನನ್ನು ಬೈಯುವುದಕ್ಕೂ ದೇವರನ್ನು ಕರೆಯುವುದಕ್ಕೂ ಒಂದೇ ಹೆಸರು ಬಳಸಿದ್ದಾಳೆ. ಎಣಿಸಿದ ಮಾತ್ರೆಗಳಿಲ್ಲ, ಕಟ್ಟಡ ಮಾತ್ರ ಬಿಗಿಯಾಗಿದೆ.

ಅಲಂಕಾರ ಅಂದ್ರೆ ಉಪಮೆ, ರೂಪಕ, ಉತ್ಪ್ರೇಕ್ಷೆ... ಇದನ್ನೆಲ್ಲ ಗುರುತಿಸಲೇಬೇಕಾ?

ಗುರುತಿಸುವುದಕ್ಕಿಂತ 'ತೆಗೆದರೆ ಏನಾಗುತ್ತದೆ' ಅಂತ ನೋಡಿ. ಏನೂ ಆಗದಿದ್ದರೆ ಅದು ಬರೀ ಒಡವೆ. ಸಾಲು ಕುಸಿದುಬಿದ್ದರೆ ಅದು ಕಂಬ.

## ಯಾಕೆ ಬೇಕು

ಪರೀಕ್ಷೆಯ ಮಾರ್ಕ್ಸ್ ಬಿಟ್ರೆ ಸಾಹಿತ್ಯ ಓದಿ ಏನ್ ಸಿಗತ್ತೆ, ನಿಜ ಹೇಳಿ?

ಸುಮಾರು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕಾವ್ಯಶಾಸ್ತ್ರಜ್ಞ ಮಮ್ಮಟ ಇದಕ್ಕೆ ಆರು ಉತ್ತರ ಕೊಟ್ಟ. ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಕೆಡುಕು ಕಳೆಯುವುದು, ಓದಿದ ಕೂಡಲೇ ಸಿಗುವ ಸುಖ, ಮತ್ತು ಪ್ರೀತಿಸುವವಳು ಹೇಳಿದಂಥ ಬುದ್ಧಿಮಾತು. ಕೀರ್ತಿ, ಹಣದ ವಿಷಯದಲ್ಲಿ ಅವನಿಗೆ ನಾಚಿಕೆ ಇರಲಿಲ್ಲ ನೋಡಿ. ಪಂಪನಿಗೂ ಕಾವ್ಯ ಬರೆದದ್ದಕ್ಕೆ ಧರ್ಮವುರ ಅನ್ನುವ ಅಗ್ರಹಾರ ಸಿಕ್ಕಿತ್ತು. ಇವತ್ತು ಬರೆಯುವವರಿಗೆ ಇದನ್ನು ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ಓದುವವರಿಗೆ ಮುಖ್ಯವಾಗಿ ಸೇರಿದ್ದು ಕೊನೆಯ ಎರಡು. ಅದರಲ್ಲೂ ಆರನೆಯದು ಸೂಕ್ಷ್ಮವಾದದ್ದು. ಬುದ್ಧಿಮಾತಿನಲ್ಲಿ ಮೂರು ಬಗೆ ಅನ್ನುತ್ತಾರೆ. ವೇದ, ಶಾಸ್ತ್ರ ಒಡೆಯನ ಹಾಗೆ ಆಜ್ಞೆ ಮಾಡುತ್ತವೆ. ಪುರಾಣ, ಇತಿಹಾಸ ಗೆಳೆಯನ ಹಾಗೆ ತಿಳಿಹೇಳುತ್ತವೆ. ಕಾವ್ಯ ಮನಸ್ಸು ಗೆದ್ದು ಒಪ್ಪಿಸುತ್ತದೆ. ನಮಗೆ ಬುದ್ಧಿ ಹೇಳಿದರು ಅಂತ ಗೊತ್ತೇ ಆಗುವುದಿಲ್ಲ.

ನನ್ನನ್ನು ಕೇಳಿದರೆ ಪಟ್ಟಿಗೆ ಇನ್ನೊಂದು ಸೇರಿಸುತ್ತೇನೆ. ನಾವು ಎಂದೂ ಆಗಲಾರದ ಮನುಷ್ಯರ ಒಳಗೆ ಸ್ವಲ್ಪ ಹೊತ್ತು ಇದ್ದು ಬರುವ ಅವಕಾಶ.

ಕತೇಲಿ ನೀತಿ ಇರಲೇಬೇಕಾ? ಮಗಳು 'ಇದರ ನೀತಿ ಏನಪ್ಪಾ' ಅಂತ ಕೇಳ್ತಾಳೆ.

ಪಾಠಪುಸ್ತಕ ಕಲಿಸಿದ ಅಭ್ಯಾಸ ಅದು. ನೀತಿ ಇರಬಹುದು, ಕೊನೆಯ ಸಾಲಿನಲ್ಲಿ ಅಂಟಿಸಬೇಕಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು. ಚೋಮನ ಹತ್ತಿರ ಎತ್ತುಗಳಿವೆ. ಉಳುವುದಕ್ಕೆ ಒಂದು ತುಂಡು ಗದ್ದೆ ಬೇಕು ಅನ್ನುವುದೊಂದೇ ಅವನ ಆಸೆ. ಹುಟ್ಟಿದ ಜಾತಿಯಿಂದಾಗಿ ಅದು ಸಿಗುವುದಿಲ್ಲ. 'ಅಸ್ಪೃಶ್ಯತೆ ತಪ್ಪು' ಅನ್ನುವ ವಾಕ್ಯ ಗೋಡೆಯ ಮೇಲೂ ಬರೆದಿರುತ್ತದೆ. ಎತ್ತು ಇದ್ದೂ ಉಳಲಾರದವನು ರಾತ್ರಿ ದುಡಿ ಬಡಿಯುವುದನ್ನು ಕಂಡಾಗ ಬರುವ ಸಿಟ್ಟು ಆ ಗೋಡೆಬರಹದಿಂದ ಬರುವುದಿಲ್ಲ.

ಮಗಳಿಗೆ 'ನೀತಿ ಏನು' ಅನ್ನುವ ಬದಲು 'ನೀನಾಗಿದ್ರೆ ಏನ್ ಮಾಡ್ತಿದ್ದೆ' ಅಂತ ತಿರುಗಿ ಕೇಳಿ ನೋಡಿ.

ಸಾಹಿತ್ಯದಿಂದ ಸಮಾಜ ಬದಲಾಗತ್ತೆ ಅಂತಾರೆ. ನನಗಂತೂ ನಂಬಿಕೆ ಇಲ್ಲ.

ನಿಮ್ಮ ಅನುಮಾನ ಒಳ್ಳೆಯದೇ. ವಿಧವೆಯರ ಮರುಮದುವೆಗೆ ಒಪ್ಪಿಗೆ ಕೊಟ್ಟ ಕಾನೂನು ಬಂದದ್ದು 1856ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ. ಎಳೆಯ ವಿಧವೆ ಮನೆ ಬಿಟ್ಟು ಹೊರಬಂದು, ಓದಿ, ಮತ್ತೆ ಮದುವೆಯಾಗುವ ಕತೆ. ಕಾನೂನು ಬಂದು ನಲವತ್ತಮೂರು ವರ್ಷ ಆಗಿತ್ತು. ಆದರೂ ಆ ಕತೆ ಹೇಳಬೇಕಾಗಿತ್ತು, ಯಾಕೆಂದರೆ ಕಾನೂನು ಪುಸ್ತಕದಲ್ಲಿತ್ತು, ಮನೆಗಳಲ್ಲಿ ಇರಲಿಲ್ಲ. ಸಾಹಿತ್ಯ ಕಾನೂನು ಮಾಡಲಾರದು. ಅದು ಮಾಡುವುದು, ಇಂಥದ್ದೂ ಸಾಧ್ಯ ಅಂತ ಊಹಿಸಿಕೊಳ್ಳುವ ಧೈರ್ಯ ಕೊಡುವುದು.

ಇದನ್ನು ನೇರವಾಗಿಯೇ ಹೇಳಿದವರೂ ಇದ್ದಾರೆ. 1979ರಲ್ಲಿ ಶುರುವಾದ ಬಂಡಾಯ ಸಾಹಿತ್ಯ ಸಂಘಟನೆಯ ಘೋಷಣೆ 'ಖಡ್ಗವಾಗಲಿ ಕಾವ್ಯ, ಜನರ ನೋವಿಗೆ ಮಿಡಿವ ಪ್ರಾಣಮಿತ್ರ'. ಘೋಷಣೆಯ ಮೊದಲ ಅರ್ಧವನ್ನಷ್ಟೇ ನೆನಪಿಟ್ಟುಕೊಂಡು ಬರೆದ ಎಷ್ಟೋ ಕವಿತೆಗಳು ಈಗ ಯಾರಿಗೂ ನೆನಪಿಲ್ಲ. ಎರಡನೆಯ ಅರ್ಧವನ್ನೂ ಹಿಡಿದುಕೊಂಡವು ಉಳಿದಿವೆ.

## ಸ್ವಲ್ಪ ಆಳಕ್ಕೆ

ಅಳಿಸುವ ಕತೆ ಓದಿ ಅತ್ತುಬಿಡ್ತೀನಿ. ಆಮೇಲೆ ಮತ್ತೆ ಅದನ್ನೇ ಓದ್ತೀನಿ. ಇದೇನು ಹುಚ್ಚು?

ಹುಚ್ಚಲ್ಲ, ಇದಕ್ಕೇ ರಸ ಅನ್ನುವುದು. ಶೋಕ ಬೇರೆ, ಕರುಣರಸ ಬೇರೆ. ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಲ್ಲಿ ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಚಂದ್ರಮತಿ ಸುಡುಗಾಡಿಗೆ ಬರುತ್ತಾಳೆ. ಕಾವಲಿಗೆ ನಿಂತವನು ಗಂಡ ಹರಿಶ್ಚಂದ್ರನೇ. ಸುಡಬೇಕಾದರೆ ತೆರಬೇಕಾದದ್ದನ್ನು ಕೊಡು ಅನ್ನುತ್ತಾನೆ. ನಮ್ಮ ನೆರೆಮನೆಯಲ್ಲಿ ಹೀಗಾದರೆ ನಾವು ನಿಂತು ನೋಡಲಾರೆವು.

ಕಾವ್ಯದಲ್ಲಿ ನೋಡಬಲ್ಲೆವು, ಯಾಕೆ? ಭರತನ ನಾಟ್ಯಶಾಸ್ತ್ರದ ಪ್ರಕಾರ ಮೂರು ಸಂಗತಿ ಸೇರಿದಾಗ ರಸ ಹುಟ್ಟುತ್ತದೆ. ಭಾವ ಹುಟ್ಟಲು ಕಾರಣವಾದದ್ದು ವಿಭಾವ: ಸತ್ತ ಮಗ, ಸುಡುಗಾಡು. ಹೊರಗೆ ಕಾಣುವುದು ಅನುಭಾವ: ಕಣ್ಣೀರು, ನಡುಗುವ ದನಿ. ನಡುನಡುವೆ ಬಂದುಹೋಗುವವು ವ್ಯಭಿಚಾರಿಭಾವ: ದೈನ್ಯ, ಚಿಂತೆ. ಇವನ್ನು ಕವಿ ಹದವಾಗಿ ಸೇರಿಸಿದಾಗ ಆ ದುಃಖ ಚಂದ್ರಮತಿಯೊಬ್ಬಳದಾಗಿ ಉಳಿಯುವುದಿಲ್ಲ, ನನ್ನದೂ ಆಗುವುದಿಲ್ಲ. ಎಲ್ಲರದ್ದೂ ಆಗುತ್ತದೆ. ಹಳೆಯ ಕಾವ್ಯಶಾಸ್ತ್ರಜ್ಞ ಭಟ್ಟನಾಯಕ ಇದನ್ನು ಸಾಧಾರಣೀಕರಣ ಅಂದ. ನನ್ನ ಸ್ವಂತದ್ದಲ್ಲವಾದ್ದರಿಂದ ಓಡಿಹೋಗಬೇಕಿಲ್ಲ. ಪರಕೀಯವೂ ಅಲ್ಲವಾದ್ದರಿಂದ ಕಣ್ಣು ಒದ್ದೆಯಾಗುತ್ತದೆ.

ಧ್ವನಿ, ಧ್ವನಿ ಅಂತ ವಿಮರ್ಶಕರು ಹೇಳ್ತಾನೇ ಇರ್ತಾರೆ. ಒಂದು ಸಾಲಿನಲ್ಲಿ ಹೇಳಿ.

ಹೇಳದೆಯೇ ಕೇಳಿಸುವ ಅರ್ಥ. ಹಳೆಯ ಅಲಂಕಾರಶಾಸ್ತ್ರದ ಉದಾಹರಣೆಯೇ ಚೆನ್ನಾಗಿದೆ: 'ಸೂರ್ಯ ಮುಳುಗಿದ'. ದನ ಕಾಯುವವನಿಗೆ ಇದು 'ದನ ಹೊಡ್ಕೊಂಡು ಬಾ'. ಕೂಲಿಯವನಿಗೆ 'ಕೆಲಸ ನಿಲ್ಲಿಸು'. ಕಾಯುತ್ತಿರುವ ಪ್ರೇಯಸಿಗೆ 'ಇನ್ನೇನು ಬರುತ್ತಾನೆ'. ನಿಘಂಟಿನಲ್ಲಿ ಇದ್ಯಾವುದೂ ಇಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಕಾವ್ಯದ ಜೀವ ಇದೇ ಅಂದ.

ಲೇಖಕರು ಅಂದುಕೊಂಡದ್ದೇ ಅರ್ಥಾನಾ, ಇಲ್ಲಾ ನಾನು ಅಂದುಕೊಂಡದ್ದೂ ನಡೆಯತ್ತಾ?

ಪಠ್ಯ ಒಪ್ಪಿದರೆ ನಡೆಯುತ್ತದೆ. ಮತ್ತೆ ರನ್ನನ ಹತ್ತಿರವೇ ಹೋಗೋಣ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಅದನ್ನು ಕೇಳಿ ಅವನು 'ನೀರೊಳಗಿರ್ದುಂ ಬೆಮರ್ತನ್', ನೀರಿನ ಒಳಗಿದ್ದೂ ಬೆವೆತ. ಭಯದಿಂದ ಬೆವೆತ ಅಂತ ಥಟ್ಟನೆ ಅನ್ನಿಸುತ್ತದೆ, ಅಲ್ವಾ? ಅದೇ ಪದ್ಯದಲ್ಲಿ ಸ್ವಲ್ಪ ಹಿಂದೆ ಹೋಗಿ. ಅವನನ್ನು 'ಕೋಪಾರುಣನೇತ್ರಂ', ಸಿಟ್ಟಿನಿಂದ ಕಣ್ಣು ಕೆಂಪಾದವನು ಅಂತ ಕವಿ ಕರೆದಿದ್ದಾನೆ. ಹಾಗಾಗಿ ಅದು ಸಿಟ್ಟಿನ ಬೆವರು. ಭಯವೂ ಸ್ವಲ್ಪ ಬೆರೆತಿದೆ ಅಂತ ವಾದ ಮಾಡುವುದಿದ್ದರೆ ಮಾಡಿ, ಆದರೆ ಆ ಕೆಂಪು ಕಣ್ಣಿಗೆ ನೀವು ಉತ್ತರ ಕೊಡಬೇಕು. 'ನನಗೆ ಹಾಗನ್ನಿಸ್ತು' ಅನ್ನುವುದು ಓದಿನ ಆರಂಭ, ಅದೇ ಸಾಕ್ಷಿ ಅಲ್ಲ.

ನನ್ನ ಮಕ್ಕಳು ಇಂಗ್ಲಿಷ್‌ನಲ್ಲೇ ಓದೋದು. ಕನ್ನಡದ ಕೃತಿಗಳನ್ನ ಅನುವಾದದಲ್ಲಿ ಓದಿದ್ರೆ ಏನಾದ್ರೂ ಸಿಗತ್ತಾ?

ಸಿಗುತ್ತದೆ, ಪ್ರಕಾರ ನೋಡಿ ಆರಿಸಿ. ಪಾತ್ರ, ಕಥಾನಕ, ನಿರೂಪಕನ ದನಿ ಇವು ಭಾಷೆ ದಾಟುತ್ತವೆ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ 'ಹಾರ್ಟ್ ಲ್ಯಾಂಪ್' ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. 2025ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಪ್ರಶಸ್ತಿಯ ಹಣವನ್ನು ಲೇಖಕರು, ಅನುವಾದಕರು ಸಮನಾಗಿ ಹಂಚಿಕೊಳ್ಳುತ್ತಾರೆ, ಅದು ನ್ಯಾಯವೂ ಹೌದು. ವಚನಗಳೂ ದಾಟುತ್ತವೆ, ಅವುಗಳ ಬಲ ಮಾತಿನ ಕಟ್ಟಡದಲ್ಲಿದೆ. ಎ.ಕೆ. ರಾಮಾನುಜನ್ 1973ರಲ್ಲಿ ಮಾಡಿದ ಇಂಗ್ಲಿಷ್ ಅನುವಾದಗಳನ್ನು ಇವತ್ತಿಗೂ ಹೊರದೇಶಗಳಲ್ಲಿ ಓದುತ್ತಾರೆ.

ಷಟ್ಪದಿಯ ಓಟ ಮಾತ್ರ ದಾಟುವುದು ಕಷ್ಟ. ಅದನ್ನು ಮಕ್ಕಳಿಗೆ ಓದಿಸುವುದಕ್ಕೆ ಹೋಗಬೇಡಿ, ಕೇಳಿಸಿ. ಕಾರಿನಲ್ಲಿ ಹೋಗುವಾಗ ಒಂದು ಗಮಕ ವಾಚನ ಹಾಕಿದರೆ ಸಾಕು. ಅರ್ಥ ಕೇಳಿದರೆ ಆಗ ಹೇಳಿ.